ಉಗ್ರಾಣದ ಬಾಗಿಲು

ಅಶ್ವತ್ಥನಾರಾಯಣರ ಕಾದಂಬರಿಯೊಂದು ಮೊದಲ ಸಲ ಮರಾಠಿಗೆ ಬಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವಳು ಸೊಸೆ ಜಯಲತಾ. ಪ್ರಕಾಶಕರು ಕೊರಿಯರ್‌ನಲ್ಲಿ ಕಳಿಸಿದ ಹತ್ತು ಪ್ರತಿಗಳ ಕಟ್ಟನ್ನು ಅಡುಗೆಮನೆಯ ಚಾಕುವಿನಿಂದ ಬಿಚ್ಚಿದವಳೂ ಅವಳೇ. ಮೇಲಿನ ಪ್ರತಿಯನ್ನು ಸೆರಗಿನಲ್ಲಿ ಒರೆಸಿ, ಮೂಸಿ ನೋಡಿ, ಮಾವನ ಕಡೆ ತಿರುಗಿ ನಕ್ಕಳು.

"ಹದಿನಾರು ವರ್ಷಾತು ಮಾವಾರ, ನಿಮ್ಮ ಪುಸ್ತಕದ ಧೂಳ ಒರಸಾಕತ್ತಿ. ಈಗ ಓದತೇನಿ ನೋಡ್ರಿ."

"ಅಷ್ಟು ದಪ್ಪ ಪುಸ್ತಕ. ನಿನಗೆಲ್ಲಿ ಪುರುಸೊತ್ತಮ್ಮ?"

"ರೈಲಿನಾಗ ಓದತೇನಿ. ಡೊಂಬಿವ್ಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವ್ಲಿ. ಹದಿನೈದು ದಿನದಾಗ ಮುಗಸತೇನಿ."

ಅಶ್ವತ್ಥನಾರಾಯಣರು ಮುಂಬೈ ಹತ್ತಿರದ ಕಲ್ಯಾಣದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಊರು ಮೈಸೂರು. ಬರೆಯುವುದು ಕನ್ನಡದಲ್ಲಿ, ಬರೆದದ್ದೆಲ್ಲ ಸಾವಿರದೆಂಟುನೂರು, ಎರಡು ಸಾವಿರ ವರ್ಷಗಳ ಹಿಂದಿನ ಕಾಲದ ಕಾದಂಬರಿಗಳು. ಶಾತವಾಹನರ ಬಂದರುಗಳು, ಗುಹೆ ಕೊರೆಸಿದ ವರ್ತಕರು, ಕಮ್ಮಾರರು, ಕುಂಬಾರರು. ಒಂದು ದಾನಶಾಸನದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಹೆಸರಿಗೆ ಮನೆ, ಹೆಂಡತಿ, ಹಸು, ಕೆಮ್ಮು ಎಲ್ಲವನ್ನೂ ಕೊಡಬಲ್ಲರು ಎಂದು ಅವರ ಬಗ್ಗೆ ವಿಮರ್ಶಕರು ಹೇಳುತ್ತಿದ್ದರು.

ಆದರೆ ಡೊಂಬಿವ್ಲಿ ಪೂರ್ವದ ಆ ಮೂರು ಕೋಣೆಯ ಮನೆಯಲ್ಲಿ ಅವರಿಗೆ ಓದುಗರೇ ಇರಲಿಲ್ಲ. ಮಗ ಮನೀಶ್ ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಐರೋಲಿಯ ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಕನ್ನಡ ಅಕ್ಷರ ಕಂಡರೆ ಎರಡನೆಯ ಪದಕ್ಕೇ ಬೆವರುತ್ತಿದ್ದ. ಹದಿನಾಲ್ಕು ವರ್ಷದ ಮೊಮ್ಮಗಳು ಪ್ರೇಕ್ಷಾ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಜಯಲತಾ ಹುಟ್ಟಿ ಬೆಳೆದದ್ದು ವಿಠ್ಠಲವಾಡಿಯಲ್ಲಿ, ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ. ಬಾಯಲ್ಲಿ ತಾಯಿಯ ಬಿಜಾಪುರದ ಕನ್ನಡ, ಕಣ್ಣಿಗೆ ಮಾತ್ರ ಮರಾಠಿ ಅಕ್ಷರ. ಕನ್ನಡ ಓದಬಲ್ಲವರು ಹೆಂಡತಿ ನಳಿನಿ ಒಬ್ಬರೇ. ಅವರು ಎರಡನೆಯ ಕಾದಂಬರಿಗೇ "ನಿಮ್ಮ ರಾಜರ ಹೆಸರು ಬಾಯಲ್ಲಿ ನಿಲ್ಲಲ್ಲ ಕಣ್ರೀ" ಎಂದು ವಾರಪತ್ರಿಕೆಗಳಿಗೆ ಮರಳಿದ್ದರು.

ಹಾಗಾಗಿ ಅಶ್ವತ್ಥನಾರಾಯಣರಿಗೆ ಮನೆಯಲ್ಲಿ ಯಾರು ಏನು ಓದಿಯಾರು ಎಂಬ ಯೋಚನೆಯೇ ಬಂದಿರಲಿಲ್ಲ. ಅನುವಾದಕಿ ಒಂದೊಂದೇ ಅಧ್ಯಾಯ ಮುಗಿಸಿ ತೋರಿಸುವಾಗ ಮಾತ್ರ ಒಮ್ಮೆ ಬಂದಿತ್ತು. ಹದಿನಾಲ್ಕನೆಯ ಅಧ್ಯಾಯವನ್ನು ಬದಲಿಸಬಹುದಿತ್ತು. ಆದರೆ ಕನ್ನಡದಲ್ಲಿ ಆ ಕಾದಂಬರಿಗೆ ಪ್ರಶಸ್ತಿ ಕೊಟ್ಟವರು ಹೊಗಳಿದ್ದು ಆ ಅಧ್ಯಾಯವನ್ನೇ. ಅವರು ಅದನ್ನು ಹಾಗೆಯೇ ಬಿಟ್ಟರು.

ಜಯಲತಾ ಠಾಣೆಯ ಒಂದು ಲ್ಯಾಬ್‌ನಲ್ಲಿ ರಕ್ತಪರೀಕ್ಷೆಯ ಟೆಕ್ನೀಷಿಯನ್. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಅವಳೂ ಸೇರಿ ನಾಲ್ವರು ಗೆಳತಿಯರ ಗುಂಪಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ವೈಶಾಲಿಗೆ ಅವಳೇ ಒಂದು ಪ್ರತಿ ತಂದು ಕೊಟ್ಟಿದ್ದಳು. ಜಯಲತಾ ಒಂಬತ್ತನೆಯ ಅಧ್ಯಾಯದಲ್ಲಿದ್ದಾಗ ವೈಶಾಲಿ ಮುಂದೆ ಹೋಗಿಬಿಟ್ಟಿದ್ದಳು.

"ಜಯಾ, ತುಝೆ ಸಾಸರೆ ಕಾಯ್ ಲಿಹಿತಾತ ಗ!" ಎಂದಳು ವೈಶಾಲಿ ಒಂದು ಬೆಳಿಗ್ಗೆ, ಕಿಟಕಿಯ ಕಡೆ ಸರಿದು ಕೂರುತ್ತ. ನಿನ್ನ ಮಾವ ಎಂಥದ್ದು ಬರೀತಾರೆ ಮಾರಾಯ್ತಿ! ನನಗೆ ಅಳು ಬಂತು, ಕೇಳು, ಎಂದು ಹದಿನಾಲ್ಕನೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಉಳಿದಿಬ್ಬರೂ ಬಗ್ಗಿ ಕೇಳಿದರು.

ಪ್ರಾಚೀನ ಕಲ್ಯಾಣ ಬಂದರು. ವರ್ತಕನ ಮನೆಯಲ್ಲಿ ಮದುವೆ. ಗಂಡ ಸತ್ತ ಕುಂಬಾರಗಿತ್ತಿ ಅಲ್ಲಿ ಪಾತ್ರೆ ತೊಳೆಯುತ್ತಾಳೆ. ಹನ್ನೊಂದು ವರ್ಷದ ಮಗಳು ಹಿಂದಿನ ಬಾಗಿಲಲ್ಲಿ ಕಾಯುತ್ತಾಳೆ. ಪಂಕ್ತಿಯಲ್ಲಿ ಉಳಿದ ತುಪ್ಪದನ್ನವನ್ನು ಮನೆಗೆ ಒಯ್ದು, ಮೂರು ನೀರಿನಲ್ಲಿ ತೊಳೆದು, ಹಳೆಯ ಸೀರೆಯ ಮೇಲೆ ಹರಡಿ ಒಣಗಿಸುತ್ತಾರೆ. ಒಣಗಿದ ಅಗುಳು ಮತ್ತೆ ಅಕ್ಕಿಯಂತಾಗುತ್ತದೆ. ಮಡಕೆಯಲ್ಲಿಟ್ಟರೆ ಹದಿನೈದು ದಿನದ ಗಂಜಿ.

ಜಯಲತಾಳ ಕೈಯಲ್ಲಿದ್ದ ಊಟದ ಡಬ್ಬಿಯ ಚೀಲ ಜಾರಿತು.

ವೈಶಾಲಿ ಓದುತ್ತಲೇ ಇದ್ದಳು. ಅನ್ನ ಸುಮ್ಮನೆ ಸಿಗುವುದಿಲ್ಲ. ಕುಂಬಾರಗಿತ್ತಿ ಉಗ್ರಾಣದೊಳಗೆ ಹೋಗುತ್ತಾಳೆ. ಉಗ್ರಾಣದವನು ಬಾಗಿಲು ಮುಚ್ಚುತ್ತಾನೆ. ಮಗಳು ಹೊರಗೆ ಕೂತು ಗೋಡೆಯ ಇರುವೆಗಳನ್ನು ನೋಡುತ್ತಾಳೆ. ತಾಯಿ ತುಂಬಿದ ಪಾತ್ರೆ ಹಿಡಿದು, ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ, ಮಗಳ ಮುಖ ನೋಡದೆ ಹೊರಬರುತ್ತಾಳೆ.

"ಬಿಚ್ಚಾರಿ," ಎಂದಳು ಗುಂಪಿನಲ್ಲೊಬ್ಬಳು. ಪಾಪದವಳು.

ಜಯಲತಾ ಠಾಣೆಯವರೆಗೆ ಹೋಗಲಿಲ್ಲ. ಮುಂಬ್ರಾದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಲ್ಯಾಬಿಗೆ ಫೋನ್ ಮಾಡಿ ಜ್ವರ ಎಂದಳು.

ಆ ಅನ್ನ ತೊಳೆದದ್ದು ಅವಳು. ಅಪ್ಪ ತುರ್ಭೆಯ ಮಾರ್ಕೆಟ್‌ನಲ್ಲಿ ಮೂಟೆ ಹೊರುತ್ತಿದ್ದವನು, ಲಾರಿ ಹಿಂದಕ್ಕೆ ಬಂದು ಸತ್ತ. ಅವ್ವ ಚಂದವ್ವ ಕಲ್ಯಾಣದ ಒಂದು ಮದುವೆ ಹಾಲ್‌ನಲ್ಲಿ ಪಾತ್ರೆ ತೊಳೆಯಲು ನಿಂತಳು. ಇದನ್ನು ಜಯಲತಾ ಗಂಡನಿಗೂ ಹೇಳಿದವಳಲ್ಲ. ಹೇಳಿದ್ದು ಒಬ್ಬರಿಗೆ, ಒಂದೇ ಸಲ. ಕೊರೋನಾದ ಎರಡನೆಯ ಅಲೆಯಲ್ಲಿ ನಳಿನಿ ಆಸ್ಪತ್ರೆಯಲ್ಲಿದ್ದರು, ಅಶ್ವತ್ಥನಾರಾಯಣರು ಹಿಂದಿನ ಕೋಣೆಯಲ್ಲಿ ಜ್ವರದಲ್ಲಿ ಬಿದ್ದಿದ್ದರು. ಮುಖಕ್ಕೆ ಎರಡೆರಡು ಮಾಸ್ಕ್ ಕಟ್ಟಿಕೊಂಡು ಅವಳೇ ಗಂಜಿ ಕುಡಿಸಿದಳು. ಜ್ವರ ಬಿಟ್ಟ ದಿನ ಅವರು ತಟ್ಟೆಯಲ್ಲಿ ಅನ್ನ ಬಿಟ್ಟಾಗ, "ಬಿಡಬ್ಯಾಡ್ರಿ ಮಾವಾರ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದ್ದಳು. ಅವರು ಅವಳ ಕೈ ಹಿಡಿದುಕೊಂಡು ಅತ್ತಿದ್ದರು. ಹೆತ್ತ ಅಪ್ಪನಿಗೆ ಹೇಳಿದಂತಾಯಿತು ಎಂದು ಅವಳಿಗೆ ಅನ್ನಿಸಿತ್ತು.

ಎರಡು ದಿನ ಅವಳು ಮನೆಯಲ್ಲಿ ಏನೂ ಆಡಲಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಕಾಶಕರ ಫೋನ್ ಬಂತು. ಅಶ್ವತ್ಥನಾರಾಯಣರು ಮಾತಾಡಿ ಫೋನಿಟ್ಟರು.

"ಏನಂತೆ ಅಪ್ಪ?" ಎಂದ ಮನೀಶ್.

"ಯೂನಿವರ್ಸಿಟಿಯವರು ಒಂದು ಅಧ್ಯಾಯನ ಬಿ.ಎ. ಪಠ್ಯಕ್ಕೆ ತಗೋತಾರಂತೆ."

"ಅರೆ, ಕ್ಯಾ ಬಾತ್ ಹೈ! ಯಾವ ಅಧ್ಯಾಯ?"

"ಯಾವುದೋ ಒಂದು. ಸಾರು ಬಡಿಸು ನಳಿನಿ."

"ಹದಿನಾಲ್ಕು," ಎಂದಳು ಜಯಲತಾ, ಅನ್ನದ ಪಾತ್ರೆ ಹಿಡಿದು ನಿಂತವಳು. "ಅನ್ನ ತೊಳೆಯೂದು ಐತಲ್ಲ, ಅದು."

ಮನೀಶ್ ನಕ್ಕ. "ಅನ್ನ ತೊಳೆಯೋದಾ? ಅಕ್ಕಿ ಅಲ್ವಾ ತೊಳೆಯೋದು?"

"ಅನ್ನ. ಮದುವಿ ಮನೀ ಮಸಾಲೆ ಭಾತ. ಮೂರು ನೀರು ಹಾಕಿ ತಿಕ್ಕಿದರ ಖಾರ, ಎಣ್ಣಿ ಎಲ್ಲಾ ಹೋಗತೈತಿ. ಅವ್ವನ ಹಳೇ ಸೀರಿ ತಗಡಿನ ಪತ್ರಾದ ಮ್ಯಾಲೆ ಹಾಸಿ ಒಣಗಸತಿದ್ದಿವಿ. ಕಾಗಿ ಬರದಂಗ ನಾ ಕೋಲು ಹಿಡದು ಕಾಯತಿದ್ದೆ."

ನಳಿನಿಯ ಕೈಯಲ್ಲಿದ್ದ ಸೌಟು ನಿಂತಿತು. "ಮದುವೆ ಮನೆ... ಎಂಜ..." ಎಂದವರು ಮುಂದಿನ ಅಕ್ಷರ ನುಂಗಿಕೊಂಡರು.

"ಎಂಜಲಾ ಅಲ್ರಿ ಅತ್ತಿ. ಅಡಗೀ ಪಾತೇಲಿಯಾಗ ಉಳದಿದ್ದು. ಎಂಜಲಾ ಆಗಿದ್ದರೂ ತರತಿದ್ದಿವಿ."

"ನಂಗೆ ಯಾಕೆ ಹೇಳಲಿಲ್ಲ?" ಎಂದ ಮನೀಶ್. ಅವನ ಮುಖ ಕೆಂಪಾಗಿತ್ತು. "ಹದಿನಾರು ವರ್ಷ ಜಯಾ! ಅಪ್ಪನಿಗೆ ಹೇಳ್ತೀಯ, ನಂಗೆ ಹೇಳಲ್ಲ?"

"ಮದುವಿ ಆದ ವರ್ಷ ಅವ್ವ ಈ ಮನಿಗೆ ಬಂದರ ಆಕಿಗೆ ಚಹಾದ ಕಪ್ಪು ಬ್ಯಾರೆ ಇತ್ತು. ನಿನಗ ಗೊತ್ತಿತ್ತು. ಅದನ್ನ ನೋಡಿದ ಮ್ಯಾಲೆ ಇದನ್ನ ಹೆಂಗ ಹೇಳಲಿ?"

ನಳಿನಿ ತಲೆ ಬಗ್ಗಿಸಿದರು. ಆ ಕಪ್ಪಿನ ವಿಷಯ ಈ ಮನೆಯಲ್ಲಿ ಯಾರೂ ಎಂದೂ ಬಾಯಿಬಿಟ್ಟು ಆಡಿರಲಿಲ್ಲ.

"ಜಯಾ, ಕೇಳಮ್ಮ," ಎಂದರು ಅಶ್ವತ್ಥನಾರಾಯಣರು. "ಅದು ಸಾವಿರದೆಂಟುನೂರು ವರ್ಷದ ಹಿಂದಿನ ಕಥೆ. ಅವಳು ಕುಂಬಾರನ ಮಗಳು. ಅದರಲ್ಲಿ ನಿನ್ನ ಹೆಸರಿಲ್ಲ, ನಿಮ್ಮಮ್ಮನ ಹೆಸರಿಲ್ಲ."

"ಹೆಸರೊಂದು ಬಿಟ್ಟು ಎಲ್ಲಾ ನಂದ ಐತಿ ಮಾವಾರ. ಇರಲಿ ಬಿಡ್ರಿ, ಅದು ಖರೇ ಇತ್ತು, ಬರದ್ರಿ. ಕೋಠಿ, ಆ ಉಗ್ರಾಣ, ಅದರ ಒಳಗಿಂದು ಯಾರು ಹೇಳಿದರು ನಿಮಗ?"

ಅವರು ತಟ್ಟೆಯ ಅಂಚಿನ ಅಗುಳನ್ನು ಒಳಕ್ಕೆ ಸರಿಸಿದರು.

"ಅವ್ವ ಕೋಠಿ ಒಳಗ ಹೋಗತಿದ್ದಳು, ನಾ ಹೊರಗ ಕುಂಡರತಿದ್ದೆ, ಪಾತೇಲಿ ತುಂಬಿಸಿಕೊಂಡು ಬರತಿದ್ದಳು. ನಾ ಹೇಳಿದ್ದು ಇಷ್ಟು. ಉಳದದ್ದು?"

"ಅದು... ಕಲ್ಪನೆ."

"ಕಲ್ಪನಾ ಯಾಕ ಅಲ್ಲಿಗೇ ಹೋತು?"

ಪ್ರೇಕ್ಷಾ ತಟ್ಟೆ ಬಿಟ್ಟು ಎದ್ದು ಹೋದಳು. ಅನ್ನ ಎಲ್ಲರ ತಟ್ಟೆಯಲ್ಲೂ ಆರಿತು. ಆ ದಿನ ಪಾತ್ರೆಗಳನ್ನು ನಳಿನಿ ತೊಳೆದರು, ಯಾರಿಗೂ ಕೈಹಚ್ಚಲು ಬಿಡಲಿಲ್ಲ.

ಬುಧವಾರ ಜಯಲತಾ ಲ್ಯಾಬಿಗೆ ರಜೆ ಹಾಕಿದಳು. ಎರಡು ಸ್ಟೇಷನ್ ಆಚೆಯ ದಿವಾಕ್ಕೆ ಹೋದಳು. ಚಂದವ್ವ ಅಲ್ಲಿ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಮಗಳು ಎಷ್ಟು ಕರೆದರೂ ಬಂದಿರಲಿಲ್ಲ. ಸುತ್ತಲಿನ ಬಿಜಾಪುರ, ಕಲಬುರ್ಗಿ ಕಡೆಯ ಕೂಲಿಯವರಿಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಮಗಳು ಹೋದಾಗ ಹೆಂಚಿನ ಮೇಲೆ ರೊಟ್ಟಿಯಿತ್ತು.

ಜಯಲತಾ ಪುಸ್ತಕದ ವಿಷಯ ಹೇಳಿದಳು. ಚಂದವ್ವ ಕೇಳುತ್ತ ರೊಟ್ಟಿ ತಿರುವಿದಳು. ಅನ್ನ ತೊಳೆದದ್ದು ಬಂದಾಗ, "ಬರೀಲಿ ಬಿಡು, ನಾವೇನು ಕದ್ದಿಲ್ಲ" ಎಂದಳು. ಆಮೇಲೆ ಜಯಲತಾ ಕೋಠಿಯ ವಿಷಯ ಹೇಳಿದಳು. ಹೇಳಿ ಸುಮ್ಮನಾಗಬಹುದಿತ್ತು. ಆದರೆ ಐದು ದಿನದಿಂದ ರೈಲಿನಲ್ಲಿ, ಲ್ಯಾಬಿನಲ್ಲಿ, ಹಾಸಿಗೆಯಲ್ಲಿ ಒಳಗೇ ಕುದಿಯುತ್ತಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಅವ್ವಾ, ಆವಾಗ ಕೋಠಿ ಬಾಗಿಲಾ ಹಾಕತಿದ್ದರಲ್ಲ. ಒಳಗ ಏನಾರ..."

ಚಂದವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆಯೆದ್ದಿತು. ಅವಳು ಅದನ್ನು ತೆಗೆಯಲಿಲ್ಲ. ಮಗಳ ಕಡೆ ತಿರುಗಿ ಹೇಳಿದಳು:

"ನಿಮ್ಮ ಮಾವ ಹೊರಗಿನಾಂವ, ಬರದ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ಬಂದು ಕೇಳಾಕತ್ತಿ."

"ಹಂಗಲ್ಲವ್ವಾ..."

"ಹೋಗು. ಗಾಡಿಗೆ ಹೊತ್ತಾತು."

ಜಯಲತಾ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇಷ್ಟು ದಿನ ಮಾವನ ಮೇಲೆ ಸಿಟ್ಟಿತ್ತು. ಈಗ ತನ್ನ ಮುಖ ತನಗೇ ತೋರಿಸಲಾಗದಂತಾಗಿತ್ತು. ಅವ್ವ ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಕೇಳಿದ್ದು ಮಾತ್ರ ಇನ್ನು ಅಳಿಸುವಂತಿರಲಿಲ್ಲ.

ಮುಂದಿನ ಎರಡು ವಾರ ಮನೆಯ ಕೆಲಸಗಳು ನಡೆದವು, ಮಾತು ನಡೆಯಲಿಲ್ಲ. ಮಾವನ ಬೆಳಗಿನ ಚಹಾವನ್ನು ಹದಿನಾರು ವರ್ಷ ಜಯಲತಾಳೇ ಕೊಟ್ಟಿದ್ದಳು. ಈಗ ಪ್ರೇಕ್ಷಾ ಕಪ್ಪನ್ನು ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಬಿ.ಪಿ. ಮಾತ್ರೆಯ ಡಬ್ಬಿ ಮೊದಲಿನಂತೆಯೇ ವಾರವಾರ ತುಂಬಿರುತ್ತಿತ್ತು, ಆದರೆ "ತಗೊಂಡ್ರೇನು?" ಎಂದು ಕೇಳುವವರಿರಲಿಲ್ಲ. ಮನೀಶ್ ಆಫೀಸಿನಿಂದ ಬಂದು ಹೆಂಡತಿಯ ಹಿಂದೆ ಹಿಂದೆ ತಿರುಗುತ್ತಿದ್ದ. ತರಕಾರಿ ಹೆಚ್ಚಿಕೊಡುತ್ತಿದ್ದ, ಬಟ್ಟೆ ಒಣಗಿಸುತ್ತಿದ್ದ. ಏನು ಹೇಳಬೇಕೆಂದು ತಿಳಿಯದೆ ಹವಾಮಾನದ ಮಾತಾಡುತ್ತಿದ್ದ.

ಒಂದು ದಿನ ಚಹಾ ತಂದಿಟ್ಟ ಪ್ರೇಕ್ಷಾ ಹೋಗದೆ ನಿಂತಳು.

"ಅಜ್ಜಾ, ಆಪ್ನೆ ಮಮ್ಮೀ ಸೆ ಪೂಛಾ ಥಾ? ಲಿಖ್ನೆ ಸೆ ಪೆಹಲೆ?" ಬರೆಯುವ ಮೊದಲು ಮಮ್ಮಿಯನ್ನು ಕೇಳಿದ್ದಿರಾ?

"ಇಲ್ಲ ಕಂದ. ಕೇಳಲಿಲ್ಲ."

"ಕ್ಯೂಂ?"

"ಕೇಳಿದ್ದರೆ ಬೇಡ ಅಂತಿದ್ದಳು."

ಪ್ರೇಕ್ಷಾ ಅವರನ್ನೇ ನೋಡಿದಳು. "ತೊ ಆಪ್ಕೋ ಪತಾ ಥಾ," ಎಂದಳು. ಹಾಗಾದರೆ ನಿಮಗೆ ಗೊತ್ತಿತ್ತು. ಚಹಾದ ಬಟ್ಟಲು ಅಲ್ಲಿಯೇ ತಣ್ಣಗಾಯಿತು.

ಆ ಮಧ್ಯಾಹ್ನ ಅವರು ಪ್ರಕಾಶಕರಿಗೆ ಫೋನ್ ಮಾಡಿ, ಹದಿನಾಲ್ಕನೆಯ ಅಧ್ಯಾಯವನ್ನು ಪಠ್ಯಕ್ಕೆ ಕೊಡಬೇಡಿ, ಮರುಮುದ್ರಣದಲ್ಲಿ ತೆಗೆದುಬಿಡಿ ಎಂದರು. ಪ್ರಕಾಶಕರಿಗೆ ನಂಬಿಕೆಯೇ ಆಗಲಿಲ್ಲ. ಜನ ಓದುತ್ತಿರುವುದೇ ಆ ಅಧ್ಯಾಯಕ್ಕಾಗಿ, ಕಾರಣ ಏನೆಂದು ಕೇಳಿದರು. ಅಶ್ವತ್ಥನಾರಾಯಣರು ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಸೊಸೆಯನ್ನು ಇನ್ನೊಮ್ಮೆ ಬೀದಿಗೆ ತಂದಂತೆ.

"ಅದರಲ್ಲಿ ತಪ್ಪಿದೆ," ಎಂದರು.

"ಇತಿಹಾಸದ ತಪ್ಪೇ ಸರ್? ನೀವು ಆಧಾರ ನೋಡದೆ ಒಂದು ಮಡಕೆಯನ್ನೂ ಬರೆಯುವವರಲ್ಲವಲ್ಲ?"

"ಹೌದು. ಇದನ್ನು ಆಧಾರ ಇಲ್ಲದೆ ಬರೆದೆ."

ಪಠ್ಯದಿಂದ ಅಧ್ಯಾಯ ಹೋಯಿತು. ಪ್ರಕಾಶಕರು ಮುಂದಿನ ಅನುವಾದದ ಮಾತನ್ನೂ ಅಲ್ಲಿಗೇ ನಿಲ್ಲಿಸಿದರು. ಊಟದ ಹೊತ್ತಿನಲ್ಲಿ ಅವರು ಈ ಸುದ್ದಿ ಹೇಳಿದಾಗ ಜಯಲತಾ ಚಪಾತಿಗೆ ಎಣ್ಣೆ ಸವರುತ್ತಿದ್ದಳು. ಸವರುತ್ತಲೇ ಇದ್ದಳು.

ಅವಳು ಒಳಗೆ ಹೋದ ಮೇಲೆ ನಳಿನಿ ಸಣ್ಣ ದನಿಯಲ್ಲಿ ಹೇಳಿದರು: "ಪ್ರಕಾಶಕರ ಹತ್ರ ಏನ್ ಮಾತಾಡ್ತೀರಿ? ದಿವಾಕ್ಕೆ ಹೋಗಿ. ಚಂದವ್ವನ ಎದುರು ಕೂತ್ಕೊಳ್ಳಿ."

"ನೀನೂ ಬಾ."

"ನನಗೆ ಅಲ್ಲಿಗೆ ಬರೋ ಮುಖ ಇಲ್ಲ. ನಾನು ಕಪ್ಪು ಬೇರೆ ಇಟ್ಟವಳು. ನೀವು ಆವಾಗ ಜಾತಿಗೀತಿ ಇಲ್ಲ ಅಂತ ದೊಡ್ಡ ಮಾತಾಡಿ ಮದುವೆ ಮಾಡಿಸಿದವರು. ನೀವೇ ಹೋಗಿ."

ಮರುದಿನ ಹನ್ನೊಂದು ಗಂಟೆಗೆ ಅಶ್ವತ್ಥನಾರಾಯಣರು ದಿವಾ ಸ್ಟೇಷನ್ನಿನಲ್ಲಿ ಇಳಿದರು. ಹದಿನಾರು ವರ್ಷದಲ್ಲಿ ಅವರು ಆ ಮನೆಗೆ ಹೋದದ್ದು ಎರಡೇ ಸಲ. ದಾರಿ ತಪ್ಪಿ, ಇಬ್ಬರನ್ನು ಕೇಳಿ, ರೊಟ್ಟಿ ಬಡಿಯುವ ಸದ್ದು ಹಿಡಿದು ಬಾಗಿಲಿಗೆ ಬಂದರು.

"ಬರ್ರಿ ಬೀಗರ," ಎಂದಳು ಚಂದವ್ವ. ಏಳಲಿಲ್ಲ. ಮಣೆಯನ್ನು ಕಾಲಿನಿಂದ ಅವರ ಕಡೆ ಸರಿಸಿದಳು. ಸರಿಸಿದ ಮೇಲೆ ಏನನ್ನಿಸಿತೋ, ಬಗ್ಗಿ ಕೈಯಿಂದ ಸರಿಮಾಡಿ ಇಟ್ಟಳು.

"ನಾನು ತಪ್ಪು ಮಾಡಿದೆ ಚಂದವ್ವ. ಕ್ಷಮೆ ಕೇಳೋಕೆ ಬಂದೆ."

"ಕ್ಷಮಾ ಇರಲಿ. ನಾ ಒಂದು ಕೇಳತೇನಿ. ನನ್ನ ಕೆಟ್ಟಾಕಿ ಮಾಡಿದ್ರಿ, ಇರಲಿ, ನಾ ಜೀವಂತ ಅದೀನಿ, ಉತ್ತರ ಕೊಡತೇನಿ. ಕೋಠಿಯಾಂವನ್ನ ಯಾಕ ಕೆಟ್ಟಾಂವ ಮಾಡಿದ್ರಿ? ಆತ ನಿಮಗೇನು ಮಾಡಿದ್ದ?"

ಅವರು ತಡವರಿಸಿದರು. "ಅವರು... ನಿಜವಾಗಿ ಯಾರೋ ಇದ್ದರು ಅಂತ ನನಗೆ..."

"ಇರಲಾರದ ಅನ್ನ ಯಾರು ಕೊಟ್ಟರು? ಅನ್ನ ತಾನಽ ಎದ್ದು ಬಂತೇನು?"

ಅವಳು ಹಿಟ್ಟಿನ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿಕೊಂಡಳು.

"ಬಾಗಿಲಾ ಹಾಕತಿದ್ದ. ಹೌದು, ಹಾಕತಿದ್ದ. ಯಾಕ ಹೇಳಲಿ? ಮೊದಲನೇ ದಿನ ಪಾತೇಲಿ ತುಂಬಿ ಕೊಟ್ಟ. ನಾ ಎತ್ತಾಕ ಹೋದರ ಕೈ ನಡಗಿ ಕೆಳಗ ಕುಂತೆ. ಎರಡು ದಿನ ಉಂಡಿದ್ದಿಲ್ಲ ನಾ. 'ಬಾಯಿ, ಊಟ ಆಗೇತೇನು?' ಅಂದ. ಇಲ್ಲ ಅಂದೆ. ಬಾಳಿ ಎಲಿ ಹಾಸಿ ಬಿಸಿ ಅನ್ನ ಬಡಿಸಿದ. ನಾ ಮಗಳಿಗೆ ಒಯ್ಯತೇನಿ ಅಂದೆ. 'ಮಗಳಿಗೆ ಬ್ಯಾರೆ ಐತಿ. ಇದನ್ನ ಇಲ್ಲೇ ಉಣ್ಣು. ಒಯ್ದರ ನೀ ಉಣ್ಣಂಗಿಲ್ಲ' ಅಂದ. ಮಾಲಕ ನೋಡಿದರ ಆತನ ಕೆಲಸಾ ಹೋಗತಿತ್ತು. ಅದಕ್ಕ ಬಾಗಿಲಾ ಹಾಕಿ, ನನಗ ನಾಚಿಕಿ ಆಗಬಾರದಂತ ಆ ಕಡೆ ಗ್ವಾಡಿಗೆ ಮಾರಿ ಮಾಡಿ ನಿಂದರತಿದ್ದ. ನಾ ಉಂಡು ಎದ್ದಮ್ಯಾಲೆ ತಿರಗತಿದ್ದ. ಎರಡು ವರ್ಷ ಹಂಗ. ಒಂದು ದಿನ ಕೈ ಮುಟ್ಟಲಿಲ್ಲ, ಒಂದು ಮಾತು ಹೆಚ್ಚು ಆಡಲಿಲ್ಲ."

ಹೊರಗೆ ರೈಲೊಂದು ಹೋಯಿತು. ಅದರ ಸದ್ದು ಮುಗಿಯುವವರೆಗೆ ಅವಳು ಕಾದಳು.

"ಸುಮ್ಮ ಸುಮ್ಮನ ಯಾರೂ ಯಾರಿಗೂ ಒಂದು ತುತ್ತು ಕೊಡಂಗಿಲ್ಲಂತ ನಿಮಗ ಅನಸ್ತಲ್ಲ ಬೀಗರ, ಇಷ್ಟು ಓದಿದವರಿಗೆ?"

ಅಶ್ವತ್ಥನಾರಾಯಣರು ತಲೆಯೆತ್ತಲಿಲ್ಲ. "ಇದನ್ನ ಜಯಾಗೆ ಯಾಕೆ ಹೇಳಲಿಲ್ಲ ನೀವು? ಅವಳು ಒಳಗೇ ಬೇಯ್ತಿದ್ದಾಳೆ."

ಚಂದವ್ವ ಹಿಟ್ಟನ್ನು ಮತ್ತೆ ನಾದತೊಡಗಿದಳು.

"ಹೆಂಗ ಹೇಳಲಿ? ಹೊರಗ ಆ ಕೂಸು ಹಸದು ಕುಂತಿತ್ತು. ಒಳಗ ನಾ ಬಿಸಿ ಅನ್ನ ಉಣತಿದ್ದೆ. ಆಕಿ ಮನಿಗೆ ಬಂದು ತಣ್ಣಂದು ತೊಳದು ಉಣತಿದ್ದಳು. ಹೊರಗ ಬಂದಮ್ಯಾಲೆ ನನಗ ಆಕಿ ಮಾರಿ ನೋಡಾಕ ಆಗತಿದ್ದಿಲ್ಲ. ಅದೊಂದು ನೀವು ಬರೋಬ್ಬರಿ ಬರದೀರಂತ." ಕಣ್ಣನ್ನು ತೋಳಿನಿಂದ ಒರೆಸಿಕೊಂಡಳು. "ಆಕಿಗೆ ಹೇಳಬ್ಯಾಡ್ರಿ. ನಿಮ್ಮ ಬಾಯಾಗ ಒಂದು ಮಾತು ನಿಲ್ಲತೈತೋ ಇಲ್ಲೋ ನೋಡೂಣು."

"ಅವರ ಹೆಸರೇನು? ಮನೆಯವರು ಯಾರಾದರೂ ಇದ್ದರೆ ನಾನು ಹೋಗಿ..."

"ಹೆಸರು ಕೊಡಂಗಿಲ್ಲ. ಕೊಟ್ಟರ ಆತನ್ನೂ ಪುಸ್ತಕಕ್ಕ ಹಾಕತೀರಿ."

ಎದ್ದು ಹೊರಡುವಾಗ ಅವಳು ನಾಲ್ಕು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮಧ್ಯಾಹ್ನದ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ನೋಟ್‌ಬುಕ್ಕು ಇರುತ್ತಿತ್ತು. ಗಾಡಿ ಕೋಪರ್ ದಾಟುವಷ್ಟರಲ್ಲಿ ಅದು ಕೈಗೆ ಬಂದಿತ್ತು, ಪೆನ್ನೂ ಬಂದಿತ್ತು. ಡೊಂಬಿವ್ಲಿ ಬಂದಾಗ ಪುಟದ ಮೇಲೆ ನಾಲ್ಕು ಸಾಲುಗಳಿದ್ದವು. ಅವರು ಅದನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು, ಜನರ ನಡುವೆ ನೂಕಿಸಿಕೊಂಡು ಇಳಿದರು.

ಸಂಜೆ ಜಯಲತಾ ಬಂದಾಗ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ನೋಡಿದಳು. ಹದಿನೇಳು ದಿನದ ಮೇಲೆ ಮೊದಲ ಸಲ ನೇರವಾಗಿ ಅವರನ್ನು ಕೇಳಿದಳು.

"ಅವ್ವನ ಕಡೆ ಹೋಗಿದ್ರೇನು?"

"ಹ್ಞೂಂ."

"ಏನಂದಳು?"

"ನಾನು ಬರೆದದ್ದು ಸುಳ್ಳಮ್ಮ. ಪೂರ್ತಿ ಸುಳ್ಳು. ಆ ಉಗ್ರಾಣದವರು ಒಳ್ಳೆಯ ಮನುಷ್ಯ."

"ಮತ್ತ ನಾ ಕೇಳಿದಾಗ ಅವ್ವ ಯಾಕ ಬಾಯಿ ಬಿಡಲಿಲ್ಲ? ನಿಮಗ ಏನು ಹೇಳಿದಳು?"

ಆ ಒಂದು ಮಾತು ಹೇಳಿದ್ದರೆ ಅವಳ ಮುಖದ ಮೇಲಿನ ಕಪ್ಪು ಅಲ್ಲಿಯೇ ಅಳಿದುಹೋಗುತ್ತಿತ್ತು. ಬಹುಶಃ ಅವರಿಗೂ ಬೆಳಗಿನ ಚಹಾ ಮರಳಿ ಸಿಗುತ್ತಿತ್ತು.

"ಅದು ಅವರ ಮಾತು. ನಾನು ಹೇಳೋ ಹಾಗಿಲ್ಲ."

"ನನ್ನ ಮಾತು ಊರಿಗೆಲ್ಲಾ ಹೇಳಿದ್ರಿ. ನನ್ನ ಅವ್ವನ ಮಾತು ನನಗ ಹೇಳಂಗಿಲ್ಲೇನು?"

"ಜಯಾ..."

"ಬಿಡ್ರಿ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಮನೀಶ್ ಅಪ್ಪನನ್ನು ಗದರಿಸಿದ. "ಹೇಳಿಬಿಡಿ ಅಪ್ಪ. ಏನ್ ನಾಟಕ ಇದು? ಅವಳು ಊಟ ಬಿಟ್ಟಿದಾಳೆ." ಅಶ್ವತ್ಥನಾರಾಯಣರು ಗೋಡೆ ನೋಡುತ್ತ ಕೂತರು.

ಭಾನುವಾರ ಬೆಳಿಗ್ಗೆ ಜಯಲತಾ ಯಾರಿಗೂ ಹೇಳದೆ ದಿವಾಕ್ಕೆ ಹೋದಳು. ಮಧ್ಯಾಹ್ನ ಮೂರರ ಹೊತ್ತಿಗೆ ಬಂದಳು. ಕಣ್ಣು ಊದಿಕೊಂಡಿದ್ದವು. ನಳಿನಿ ನೀರು ತಂದು ಕೊಟ್ಟರು. ಅವಳು ಕುಡಿದು ಲೋಟವನ್ನು ಕೈಯಲ್ಲೇ ಹಿಡಿದು ಕೂತಳು.

"ಅವ್ವ ಎಲ್ಲಾ ಹೇಳಿದಳು," ಎಂದಳು. "ಮಾವಾರು ಬಾಯಿ ಬಿಡಲಿಲ್ಲ ಅಂದೆ. ಹೌದೇನು ಅಂದಳು. ಆಮ್ಯಾಲೆ ಹೇಳಿದಳು. ನಾ ಹೊರಗ ಕುಂತಾಗ ಒಳಗ ಉಂಡೆ ಅಂತ ಇಪ್ಪತ್ತೇಳು ವರ್ಷ ಒಬ್ಬಾಕಿನ ಅತ್ತಾಳ. ನಾ ಹೋಗಿ ಏನು ಕೇಳಿದೆ ನೋಡ್ರಿ ಅತ್ತಿ, ಆಕಿನ್ನ."

ನಳಿನಿ ಅವಳ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

ಜಯಲತಾ ಲೋಟ ಕೆಳಗಿಟ್ಟು ಮಾವನ ಕಡೆ ತಿರುಗಿದಳು. "ಇದನ್ನೂ ಬರೀತೀರೇನು?"

"ಇಲ್ಲಮ್ಮ."

"ನಿಮ್ಮ ನೋಟ್‌ಬುಕ್ ಕೊಡ್ರಿ."

ಅವರು ಜೇಬಿನಿಂದ ತೆಗೆದು ಕೊಟ್ಟರು. ಅವಳು ಪುಟ ತಿರುವಿದಳು. ಗುಂಡಗಿನ ಅಕ್ಷರಗಳು, ಅವಳಿಗೆ ಒಂದೂ ಬಾರದವು. ಕೊನೆಗೆ ನಳಿನಿಯ ಕೈಗೆ ಕೊಟ್ಟಳು.

"ಅತ್ತಿ, ಇದರಾಗ ಅವ್ವಂದು ಏನಾರ ಐತೇನು ನೋಡ್ರಿ."

ನಳಿನಿ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಶುರು ಮಾಡಿದರು. ಶಾಸನದ ಸಾಲುಗಳು, ರೈಲಿನ ವೇಳೆ, ಔಷಧಿಯ ಹೆಸರು. ಮನೀಶ್ ಬಾಗಿಲಲ್ಲಿ ನಿಂತಿದ್ದ, ಪ್ರೇಕ್ಷಾ ಅವನ ಹಿಂದೆ. ಅಶ್ವತ್ಥನಾರಾಯಣರು ನೋಡುತ್ತ ಕೂತಿದ್ದರು. ನಳಿನಿ ಎಂಟನೆಯ ಪುಟಕ್ಕೆ ಬಂದಿದ್ದರು.

"ಹುಡುಕಬೇಡ," ಎಂದರು ಅವರು. "ಕೊನೆಯಲ್ಲಿದೆ. ರೈಲಿನಲ್ಲಿ ಬರೆದೆ."

ನಳಿನಿ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನು ನೋಡಿದರು. ಮದುವೆಯಾದಂದಿನಿಂದ ಹಾಗೆ ನೋಡಿರಲಿಲ್ಲ.

"ಓದ್ರಿ," ಎಂದಳು ಜಯಲತಾ. "ನೀವಽ ಓದ್ರಿ."

ಅವರು ಎದ್ದು ಬಂದು ಅದನ್ನು ತೆಗೆದುಕೊಂಡರು. ಎಪ್ಪತ್ತು ದಾಟಿದ ಆ ಮನುಷ್ಯ ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಎಲ್ಲರ ನಡುವೆ ನಿಂತು ಓದಿದರು:

"ಬಾಗಿಲು ಮುಚ್ಚಿದರು. ಎಲೆ ಹಾಸಿ ಬಡಿಸಿದರು. ಅವರು ಉಣ್ಣುವವರೆಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹೆಸರು ತಿಳಿಯದು."

"ಅಷ್ಟನಾ?"

"ಅಷ್ಟೇ."

ಅವಳು ಕೈ ಚಾಚಿದಳು. ಅವರು ಪುಟವನ್ನು ಹೊಲಿಗೆಯ ಗುಂಟ ನಿಧಾನವಾಗಿ ಹರಿದು ಕೊಟ್ಟರು. ಜಯಲತಾ ಆ ಅಕ್ಷರಗಳನ್ನು ಒಂದು ಗಳಿಗೆ ನೋಡಿದಳು. ಮಡಚಿ, ಮತ್ತೊಮ್ಮೆ ಮಡಚಿ, ತನ್ನ ಪರ್ಸಿನಲ್ಲಿ ರೈಲಿನ ಪಾಸಿನ ಹಿಂದೆ ಇಟ್ಟುಕೊಂಡಳು.

"ಮುಂದಿನ ಭಾನುವಾರ ಅವ್ವಗ ಕೊಡತೇನಿ. ಇಟ್ಟಕೊಳ್ಳೂದೋ ಒಲಿಗೆ ಹಾಕೂದೋ ಆಕಿಗೆ ಬಿಟ್ಟದ್ದು."

ಎದ್ದು ಅಡುಗೆಮನೆಗೆ ಹೋದಳು. ಕುಕ್ಕರ್ ಇಟ್ಟ ಸದ್ದಾಯಿತು, ನಲ್ಲಿ ಬಿಟ್ಟ ಸದ್ದಾಯಿತು. ಅಶ್ವತ್ಥನಾರಾಯಣರು ಇನ್ನೂ ಅಲ್ಲಿಯೇ ನಿಂತಿದ್ದರು. ಒಳಗಿನಿಂದ ಅವಳ ದನಿ ಕೇಳಿತು.

"ಪ್ರೇಕ್ಷಾ, ಕುಂಡ್ರಿ ಅಂತ ಹೇಳು ಅಜ್ಜನಿಗೆ. ಎಷ್ಟೊತ್ತು ನಿಂದರತಾರ."